ಕಾಳೀ ಹೊಳೆಯ ಮೀನಿನ ವಹಿ

ಮಾಳಮಡ್ಡಿ, ಧಾರವಾಡ
ರವಿವಾರ, ೨೪ ಏಪ್ರಿಲ್ ೧೯೩೮

ಚಿ. ಸೌ. ಸುಲಭಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಯುಗಾದಿಯ ಮರುದಿನ ಬಂತು. ಬಾಗಿಲಿಗೆ ಕಟ್ಟಿದ ಬೇವು ಇನ್ನೂ ಹಸಿರಿತ್ತು. ಉತ್ತರ ತಡವಾದದ್ದಕ್ಕೆ ಆಫೀಸಿನ ಕೆಲಸ, ಬಿಸಿಲು, ಕಣ್ಣುರಿ ಎಂದು ಮೂರು ಸಲ ಮೂರು ನೆಪ ಬರೆದು ಮೂರೂ ಕಾಗದ ಹರಿದು ಹಾಕಿದೆ. ಇದು ನಾಲ್ಕನೆಯದು. ತಡಮಾಡಿದ್ದು ನನ್ನ ತಪ್ಪು, ಬೇರೆ ಕಾರಣವಿಲ್ಲ.

ಇಲ್ಲಿಯ ಕ್ಷೇಮ ಬರೆಯಬೇಕಲ್ಲ. ಹಿತ್ತಲಿನ ಪೇರಲ ಗಿಡ ಕ್ಷೇಮ. ಪಕ್ಕದ ಮನೆಯ ಲಕ್ಷ್ಮೀಬಾಯಿ ದಿನಾಲು ಸಾರು ಕಳಿಸುತ್ತಾರೆ, ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಸವಣೂರಿನಲ್ಲಿ ಏಕನಾಥಕಾಕಾನೂ ಕ್ಷೇಮ. ಎಂಬತ್ತೆಂಟು ದಾಟಿತು, ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. "ಅಪ್ಪ ಮುಂಜಾನೆದ್ದ ಕೂಡಲೇ ಬಿಸಿ ಬಜಿ ಬೇಡತಾನ, ಮಾಡಿಕೊಡಲಿಲ್ಲಂದ್ರ ನಮ್ಮ ಮನಿಯಾಕಿಗೆ ಬಯ್ಯತಾನ" ಎಂದು ಅವರ ಮಗ ವೆಂಕಣ್ಣ ಹೋದ ವಾರ ಬರೆದಿದ್ದ. ಓದಿ ನಾನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕಾಗದ ಮಡಚಿ ಇಟ್ಟೆ.

ನೀನು ಮದುವೆಯಾಗಿ ಪುಣೆಗೆ ಹೋಗುವ ಮೊದಲು ಒಂದು ವರ್ಷ ಈ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನೀನು ಬಡಿಸುತ್ತಿದ್ದೆ, ನಾನು ಉಣ್ಣುತ್ತಿದ್ದೆ. ಅವ್ವನ ಕೊನೆಯ ದಿನಗಳ ಮಾತು ಒಮ್ಮೆಯೂ ಬರಲಿಲ್ಲ. ಎದುರಿಗೆ ಆಡಲಾಗದ್ದನ್ನು ಈಗ ಎಂಟು ಪುಟ ಬರೆದಿದ್ದೀ, ಗಂಟೆಗಂಟೆಯದನ್ನೂ ಬರೆದಿದ್ದೀ. ಕೊನೆಗೆ ಒಂದು ಸಾಲು ಕೇಳಿದ್ದೀ: ನೀನು ಮಾಡಿದ ತಾರು ನನಗೆ ಯಾವಾಗ ಮುಟ್ಟಿತು? ಅದರ ಕೆಳಗೆ ಅಳಿಯಂದಿರಾದ ಯಜ್ಞೇಶ್ವರರಾಯರು ತಮ್ಮ ಕೈಯಿಂದ ನಾಲ್ಕು ಸಾಲು ಸೇರಿಸಿದ್ದಾರೆ. ತಾವೇ ತಾರು ಖಾತೆಯಲ್ಲಿ ಇರುವುದರಿಂದ ಮೇಲಿನವರಿಗೆ ಬರೆದು ವಿಚಾರಣೆ ಮಾಡಿಸುತ್ತಾರಂತೆ. ತಡಮಾಡಿ ತಾರು ಮುಟ್ಟಿಸಿದ ಜವಾನನನ್ನು ಮನೆಗೆ ಕಳಿಸುವವರೆಗೂ ಬಿಡುವುದಿಲ್ಲವಂತೆ. ಅದಕ್ಕಾಗಿ ನಾನು ಲಕೋಟೆಯನ್ನು ಕಳಿಸಿಕೊಡಬೇಕಂತೆ.

ವಿಚಾರಣೆ ಬೇಡ ಎಂದು ಅವರಿಗೆ ಹೇಳು. ತಾರು ತಡವಾಗಲಿಲ್ಲ. ನೀನು ಗುರುವಾರ ಸಂಜೆ ಮಾಡಿದ್ದು ಶುಕ್ರವಾರ ಮುಂಜಾನೆ ಏಳಕ್ಕೆ ಹತ್ತು ನಿಮಿಷವಿರುವಾಗ ನನ್ನ ಕೈಗೆ ಬಂತು. ಲಾಂಚು ಇನ್ನೂ ದಂಡೆಗೆ ಕಟ್ಟಿತ್ತು. ಅದನ್ನು ಒಡೆಯದೆ ಕೋಟಿನ ಒಳಕಿಸೆಯಲ್ಲಿ ಇಟ್ಟುಕೊಂಡು ನಾನು ನಾಲ್ಕು ದಿನ ಹೊಳೆಯ ಮೇಲೆ ತಿರುಗಾಡಿದೆ.

ಇಷ್ಟು ಬರೆಯಲು ಮೂರು ವಾರ ಬೇಕಾಯಿತು. ಇನ್ನು ಉಳಿದದ್ದು ಸರಳ. ಮೂವತ್ತು ವರ್ಷ ಕಾರಕೂನಿಕೆ ಮಾಡಿದವನಿಗೆ ಕ್ರಮ ತಪ್ಪಿದರೆ ಕೈ ಓಡುವುದಿಲ್ಲ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಹೋದ ವರ್ಷ ಮಾಘದಲ್ಲಿ ನಮ್ಮ ಇಂಜಿನಿಯರ ಸಾಹೇಬರ ಮನೆಗೆ ಮುಂಬಯಿಯಿಂದ ಅವರ ಗೆಳೆಯರಾದ ಒಬ್ಬ ಡಾಕ್ಟರರು ಹೆಂಡತಿ ಸಮೇತ ಬಂದಿದ್ದರು. ಅವರಿಗೆ ಕಾಳೀ ಹೊಳೆಯಲ್ಲಿ ಮೀನು ಹಿಡಿಸಬೇಕು, ಮೊಸಳೆ ತೋರಿಸಬೇಕು, ದಂಡೆಯ ಅಡವಿಯಲ್ಲಿ ಕಾಡುಕೋಣ ತೋರಿಸಬೇಕು ಎಂದು ಸಾಹೇಬರ ಉಮೇದು. ಹೊಳೆ ಸಮುದ್ರ ಸೇರುವಲ್ಲಿ ಕೋಡಿಬಾಗದಿಂದ ಕದ್ರಾದವರೆಗೆ ಲಾಂಚು, ಅದರ ಬೆನ್ನಿಗೆ ಅಡಿಗೆಯ ಸಾಮಾನು ಹೊತ್ತ ಪಡಾವು, ಅಲ್ಲಿಂದ ಮೇಲೆ ಸಣ್ಣ ದೋಣಿ. ಸಾಹೇಬರಿಗೆ ಒಂದು ಚಟವಿತ್ತು: ಹಿಡಿದ ಪ್ರತಿಯೊಂದು ಮೀನಿನ ಉದ್ದ, ತೂಕ, ಹಿಡಿದ ಹೊತ್ತು ಬರೆದಿಡಬೇಕು. ಕಂಡ ಪ್ರಾಣಿಗಳನ್ನೂ ಬರೆಯಬೇಕು. ಕಚೇರಿಯಲ್ಲಿ ಎಲ್ಲರಿಗಿಂತ ದುಂಡಗಿನ ಅಕ್ಷರ ನನ್ನದು ಎಂದು ಬೆಳ್ಳುಳ್ಳಿ ಸಹ ಮುಟ್ಟದವನ ಕೈಗೆ ಮೀನಿನ ವಹಿ ಬಂತು. ನಿನ್ನ ಅವ್ವ ಎಷ್ಟು ನಕ್ಕಳು ನೆನಪಿದೆಯೇ? "ಮೀನಿನ ವಾಸನಿ ಹತ್ತಿದ ಕೋಟ ಮನಿಯೊಳಗ ತರಬ್ಯಾಡ್ರಿ. ಹಿತ್ತಲದಾಗ ಬಿಟ್ಟು, ನೀವೂ ಅಲ್ಲೇ ನಿಂತು ನೀರ ಹಾಕ್ಕೊಂಡ ಬರ್ರಿ" ಎಂದಳು.

ಹೋಗಲು ನನಗೆ ಮನಸ್ಸಿರಲಿಲ್ಲ. ಮುಂದಿನ ಗುರುವಾರವೇ ನಿನ್ನ ನಿಶ್ಚಯ. ನಿನಗೆ ಹತ್ತೊಂಬತ್ತು ಮುಗಿದಿತ್ತು. ಅದಕ್ಕೆ ಎರಡು ವರ್ಷ ಮೊದಲು ಗದಗಿನ ಸಂಬಂಧ ಹೇಗೆ ತಪ್ಪಿತೆಂಬುದನ್ನು ನೀನು ಮರೆತಿರಲಾರೆ. ನಿಶ್ಚಯಕ್ಕೆ ಐದು ದಿನವಿರುವಾಗ ನಮ್ಮ ದೊಡ್ಡಪ್ಪನ ಹೆಂಡತಿ ತೀರಿಕೊಂಡರು, ಸೂತಕ ಬಂತು, ಹದಿನೈದು ದಿನ ಮುಂದೆ ಹಾಕಿರೆಂದು ಕೇಳಿಕೊಂಡೆವು. ಆ ಹದಿನೈದು ದಿನದಲ್ಲಿ ಅವರು ಬಾಗಲಕೋಟೆಯ ಹುಡುಗಿಯನ್ನು ಗೊತ್ತುಮಾಡಿ ಸಕ್ಕರೆ ಹಂಚಿ ಮುಗಿಸಿದ್ದರು. ಆಗ ನೀನು ಮೂರು ದಿನ ಅಟ್ಟದ ಮೇಲೆ ಕೂತು ಹಳೆಯ ಬಟ್ಟೆ ಹೊಲಿಯುತ್ತಿದ್ದೆ. ಹೊಲಿಯುವಂಥ ಹರಕು ಬಟ್ಟೆ ಮನೆಯಲ್ಲಿ ಅಷ್ಟಿರಲಿಲ್ಲ.

ಈ ಸಲ ಹಾಗಾಗಬಾರದಿತ್ತು. ಆದರೆ ಸವಣೂರಿನಲ್ಲಿ ಕಾಕಾ ಇಂದೋ ನಾಳೆಯೋ ಎನ್ನುವಂತಿದ್ದರು. ನೀರು ಗುಟುಕರಿಸುವುದೂ ನಿಂತಿದೆ ಎಂದು ವೆಂಕಣ್ಣ ಬರೆದಿದ್ದ. ಅವರು ತೀರಿಕೊಂಡರೆ ನನಗೆ ಹತ್ತು ದಿನ ಸೂತಕ. ಆಗ ನಾನು ಒಂದು ಯುಕ್ತಿ ಮಾಡಿದೆ. ನಮ್ಮಲ್ಲಿ ಎಲ್ಲರೂ ಬಲ್ಲ ಮಾತು: ಸೂತಕ ಸತ್ತಲ್ಲಿಂದಲ್ಲ, ಕೇಳಿದಲ್ಲಿಂದ. ಮದುವೆಯ ಮನೆಯಲ್ಲಿ ಅಕ್ಷತೆ ಬೀಳುವವರೆಗೆ ಸಾವಿನ ಸುದ್ದಿಯನ್ನು ಬಚ್ಚಿಡುವುದನ್ನು ನೀನೂ ನೋಡಿದ್ದೀ. ನಾನು ವೆಂಕಣ್ಣನಿಗೆ ಬರೆದೆ: ಏನಾದರೂ ಆದರೆ ಧಾರವಾಡದ ಮನೆಗೆ ತಿಳಿಸಬೇಡ, ಕಾರವಾರದ ವಿಳಾಸಕ್ಕೆ ನನ್ನ ಹೆಸರಿಗೆ ಮಾತ್ರ ತಾರು ಮಾಡು. ಆ ತಾರನ್ನು ನಾನು ಗುರುವಾರದವರೆಗೆ ಒಡೆಯುವುದಿಲ್ಲವೆಂದು ನಿಶ್ಚಯಿಸಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಯುಕ್ತಿ ನನ್ನದೇ ಎಂದು ತಿಳಿ.

ಕಾರವಾರದ ವಿಳಾಸ ವೆಂಕಣ್ಣನ ಹತ್ತಿರ ಇದ್ದಂತೆ ನಿನ್ನ ಅವ್ವನ ಹತ್ತಿರವೂ ಇತ್ತು. ನಾನೇ ಬರೆದು ದೇವರ ಗೂಡಿನಲ್ಲಿ ಇಟ್ಟು ಬಂದಿದ್ದೆ. ಅದು ನನಗೆ ನೆನಪಾಗಲಿಲ್ಲ. ಬುಧವಾರ ನಾನು ಮೋಟಾರು ಹತ್ತುವಾಗ ಅವಳು ಗಟ್ಟಿಮುಟ್ಟಾಗಿದ್ದಳು. ಬಾಗಿಲಲ್ಲಿ ನಿಂತು ಚಕ್ಕುಲಿಯ ಗಂಟು ಕೊಟ್ಟಿದ್ದಳು. ಆ ಸಂಜೆಯೇ ಚಳಿಜ್ವರ ಬಂದು ಮಲಗಿದಳೆಂದು ನನಗೆ ಹೇಗೆ ತಿಳಿಯಬೇಕು?

ಶುಕ್ರವಾರ ಮುಂಜಾನೆ ಕೋಡಿಬಾಗದ ದಂಡೆಯಲ್ಲಿ ಸಾಮಾನು ಏರಿಸುತ್ತಿದ್ದೆವು. ತಾರಿನ ಜವಾನ ಓಡುತ್ತ ಬಂದ. ಚನ್ನಯ್ಯ ಎಂದು ಅವನ ಹೆಸರು, ಹಾವೇರಿ ಕಡೆಯವನು. ನನ್ನ ಮಾತು ಕೇಳಿ ಅವನಿಗೆ ಊರಿನವರು ಸಿಕ್ಕಂತಾಯಿತು. "ರಾಯರ, ನಮ್ಮ ಸೀಮಿಯವ್ರ ಅದೀರಿ. ಲಾಂಚ ಬಿಟ್ಟೀತಂತ ಉಸರ ಹಿಡದ ಓಡಿ ಬಂದೇನಿ. ಲಗೂ ಒಡದ ನೋಡ್ರಿ, ಜವಾಬ ಇದ್ರ ನಾನ ಒಯ್ದ ಹಾಕತೇನಿ" ಎಂದ. ನಾನು ಅವನ ಪುಸ್ತಕದಲ್ಲಿ ಸಹಿ ಮಾಡಿ, ಹೊತ್ತು ಸಹ ಬರೆದು, ಲಕೋಟೆಯನ್ನು ಕಿಸೆಗೆ ಹಾಕಿದೆ. "ಜವಾಬಿಲ್ಲ" ಎಂದೆ. "ಒಡೀಲಾರದ ಹೆಂಗ ಗೊತ್ತಾತ್ರಿ?" ಎಂದ. ನಾನು ಲಾಂಚು ಹತ್ತಿದೆ. ಲಾಂಚು ಬಿಡುವವರೆಗೂ ಅವನು ಅಲ್ಲೇ ನಿಂತಿದ್ದ. ನಾನು ಮನಸ್ಸು ಬದಲಿಸಿ ಕರೆದೇನು ಎಂದಿರಬೇಕು. ಅಳಿಯಂದಿರು ಮನೆಗೆ ಕಳಿಸಬೇಕೆಂದಿರುವ ಜವಾನ ಇವನೇ. ವಿಚಾರಣೆಯಾದರೆ ನನ್ನ ಸಹಿಯೇ ಎದ್ದು ಮಾತಾಡುತ್ತದೆ. ಅದು ಮಾತಾಡುವ ಮೊದಲು ನಾನೇ ಆಡುವುದು ಮೇಲು ಎನ್ನುವುದೂ ಈ ಪತ್ರಕ್ಕೆ ಒಂದು ಕಾರಣ. ಪೂರಾ ಸತ್ಯಸಂಧನಾಗಿಬಿಟ್ಟೆನೆಂದು ತಿಳಿಯಬೇಡ.

ಹೊಳೆಯನ್ನು ನಾನು ನಿಜವಾಗಿ ನೋಡಿದೆನೋ ಇಲ್ಲವೋ ಹೇಳಲಾರೆ. ವಹಿಯಲ್ಲಿ ಬರೆದದ್ದೆಲ್ಲ ನೆನಪಿದೆ. ಸಮುದ್ರದ ಹತ್ತಿರ ಹೊಳೆ ನಮ್ಮ ಉಣಕಲ್ಲ ಕೆರೆಯನ್ನು ಉದ್ದಕ್ಕೆ ಎಳೆದಂತೆ ಅಗಲ. ಎರಡೂ ದಂಡೆಗೆ ತೆಂಗು, ಆಮೇಲೆ ನೀರಿನಲ್ಲೇ ಬೇರು ಬಿಟ್ಟು ನಿಂತ ಗಿಡಗಳು, ಆಮೇಲೆ ಗುಡ್ಡ ಹತ್ತಿರ ಬಂದು ಬರೀ ಅಡವಿ. ಮೊದಲ ದಿನ ಮೊಸಳೆ ಮೂರು. ಒಂದು ಬಾಯಿ ತೆರೆದು ಮರಳಿನ ಮೇಲೆ ಮಲಗಿತ್ತು. ಡಾಕ್ಟರರ ಮೆಮಸಾಹೇಬರು ಅದರ ಫೋಟೊ ತೆಗೆಯಲು ಲಾಂಚು ನಿಲ್ಲಿಸಿದರು, ಯಂತ್ರದ ಸದ್ದು ನಿಂತ ಕೂಡಲೇ ಅದು ನೀರಿಗೆ ಇಳಿಯಿತು. ಮಂಗಟ್ಟೆ ಹಕ್ಕಿ ಏಳು, ರೆಕ್ಕೆಯ ಸದ್ದು ಕೆಳಗೆ ಕೂತವರಿಗೂ ಕೇಳುತ್ತಿತ್ತು. ಕೆಂದಳಿಲು ಎರಡು. ಪಡಾವಿನ ಹಿಂಬದಿಗೆ ನನ್ನದೊಂದು ಬೇರೆ ಒಲೆ. ಅನ್ನ, ತಿಳಿಸಾರು ಮಾಡಿಕೊಂಡು ಉಣ್ಣುತ್ತಿದ್ದೆ; ನಾಲ್ಕು ಮಾರಿನಾಚೆ ಬಟ್ಲರ ಮೀನು ಹುರಿಯುತ್ತಿದ್ದ. ಮೀನನ್ನು ತೂಗುವಾಗ ಕೈಗೆ ಧೋತರದ ತುಂಡು ಸುತ್ತಿಕೊಳ್ಳುತ್ತಿದ್ದೆ. ಸಾಹೇಬರು ನಗುತ್ತಿದ್ದರು.

ಹಳೇ ಹುಬ್ಬಳ್ಳಿಯ ಯಾಕೂಬಸಾಬ ಜತೆಗಿದ್ದ. ಸಾಹೇಬರ ಗಾಳದ ಕೋಲುಗಳ ದುರಸ್ತಿಯೆಲ್ಲ ಅವನದೇ. ರಂಜಾನಿಗೆ ನಮ್ಮ ಮನೆಗೆ ಖರ್ಜೂರ ತಂದುಕೊಡುವವನನ್ನು ನೀನು ಬಲ್ಲೆ. ಶುಕ್ರವಾರ ಹನ್ನೊಂದರ ಸುಮಾರಿಗೆ ಅವನು ನನ್ನ ಪಕ್ಕಕ್ಕೆ ಬಂದು ಕೂತ.

"ರಾಯರ, ಮುಂಜಾನಿಂದ ನೋಡಾಕತ್ತೇನಿ. ಕಿಸೆದಾಗ ಚೇಳ ಇಟ್ಕೊಂಡಂಗ ಕುಂತೀರಿ. ಏನೈತ್ರಿ?" ಎಂದ.

ಅವನಿಗೆ ಎಲ್ಲ ಹೇಳಿದೆ. ಅವನು ಗಾಳಕ್ಕೆ ದಾರ ಸುತ್ತುತ್ತಲೇ ಕೇಳಿದ.

"ನಮ್ಮಾಗ ಸಾವಿನ ಸುದ್ದಿ ಬಂದ್ರ ಕೈಯಾಗಿನ ತುತ್ತ ಬಿಟ್ಟು ಮಣ್ಣಿಗೆ ಓಡತೇವ್ರಿ. ನಿಮ್ಮಾಗ ಕೇಳಲಿಲ್ಲಂದ್ರ ಸತ್ತಿಲ್ಲಂತ ಲೆಕ್ಕ ಏನ್ರಿ?"

"ಹಂಗ ತಿಳಕೋ."

"ಆತ್ರಿ, ನಿಮ್ಮ ಪದ್ಧತಿ ನಿಮಗ. ಹಂಗಾರ ಒಂದ ಕೆಲಸ ಮಾಡೂಣು. ಆ ಬಟ್ಲರಗ ಇಂಗ್ಲೀಸ ಬರತೈತಿ. ತಾರ ನನ್ನ ಕೈಯಾಗ ಕೊಡ್ರಿ, ಅವನ ಕಡೆ ಓದಸ್ತೇನಿ. ಮುದುಕರದ ಇದ್ರ ಅಲ್ಲಾನ ಆಣಿ, ನಾ ಬಾಯಿ ಬಿಡೂದಿಲ್ಲ. ಬ್ಯಾರೆ ಏನರ ಇದ್ರ ಅಷ್ಟ ಹೇಳತೇನಿ. ಅಲ್ನೋಡ್ರಿ, ಬಿದಿರ ತುಂಬಿದ ಪಡಾವ ಕೆಳಗ ಹೊಂಟೈತಿ. ಅದರಾಗ ಕುಂತ್ರ ಸಂಜಿಕ ಕಾರವಾರ. ರಾತ್ರಿ ಹುಬ್ಬಳ್ಳಿಗೆ ಲಾರಿ ಹೊಂಡತಾವ. ನಾಳೆ ಮುಂಜಾನೆ ಮನ್ಯಾಗ ಇರತೀರಿ."

ಸುಲಭಾ, ಅವನು ಹೇಳಿದ್ದರಲ್ಲಿ ಒಂದು ಲೋಪವೂ ಇರಲಿಲ್ಲ. ನಮ್ಮ ವೈದಿಕರನ್ನು ಕೇಳಿದ್ದರೂ ಇಷ್ಟು ಸರಳವಾದ ದಾರಿ ತೋರಿಸುತ್ತಿರಲಿಲ್ಲ. ನಾನು ಹೇಳಿದೆ: "ನೀ ಸುಮ್ಮನಿದ್ರೂ ನಿನ್ನ ಮಾರಿ ಸುಮ್ಮನಿರೂದಿಲ್ಲೋ ಯಾಕೂಬಸಾಬ. ಮಾರಿ ನೋಡಿದ್ರ ನನಗ ತಿಳೀತದ. ತಿಳದ್ರ ಕೇಳಿದ್ಹಂಗ ಆತು." ಈ ಉತ್ತರ ಎಷ್ಟು ಚೆನ್ನಾಗಿದೆ ಎಂದು ಆಗ ನನಗೇ ಹೆಮ್ಮೆಯಾಯಿತು. ಅವನು ನನ್ನನ್ನು ನೋಡಿ, "ಮರ್ಜಿ ನಿಮ್ಮದು" ಎಂದು ಗಾಳದ ಕಡೆ ತಿರುಗಿದ. ಬಿದಿರಿನ ಪಡಾವು ನಮ್ಮನ್ನು ದಾಟಿ ಹೋಯಿತು. ಅದರ ಮೇಲೆ ಒಬ್ಬ ಮುದುಕ ಬೀಡಿ ಸೇದುತ್ತಿದ್ದ. ನಮಗೆ ಕೈ ಮಾಡಿದ. ನಾನೂ ಕೈ ಮಾಡಿದೆ.

ಸಾಹೇಬರು ಪ್ರವಾಸ ಮುಗಿದ ಮೇಲೆ ವಹಿಯ ಇನ್ನೊಂದು ಪ್ರತಿ ತೆಗೆದು ಕೊಡು ಎಂದಿದ್ದರು. ಮೊದಲಿನದು, ನೀರು ಬಿದ್ದದ್ದು, ನನ್ನಲ್ಲಿಯೇ ಉಳಿಯಿತು. ನಿನ್ನ ಪತ್ರ ಬಂದ ಮೇಲೆ ಅದನ್ನೂ ವಹಿಯನ್ನೂ ಪಕ್ಕಪಕ್ಕಕ್ಕೆ ಇಟ್ಟು ಓದುತ್ತಿದ್ದೇನೆ. ಇದನ್ನು ನಿನಗೆ ಬರೆಯಬೇಕೋ ಬಾರದೋ ತಿಳಿಯದು. ಆದರೆ ಇನ್ನಾರಿಗೆ ಬರೆಯಲಿ?

ಶುಕ್ರವಾರ ಒಂಬತ್ತೂ ನಲವತ್ತು: ಮೊದಲನೆಯ ಮೀನು, ಹದಿನಾರು ಇಂಚು, ಮೂರು ಪೌಂಡು. ನಿನ್ನ ಪತ್ರದಲ್ಲಿ: ಹತ್ತರ ಹೊತ್ತಿಗೆ ಡಾಕ್ಟರರು ಬಂದು ಎದೆಗೆ ಕಿವಿ ಇಟ್ಟು ನ್ಯುಮೋನಿಯಾ ಎಂದರು. ಶುಕ್ರವಾರ ನಾಲ್ಕು: ಎಂಟು ಪೌಂಡಿನ ಮೀನು ದಾರ ಹರಿದುಕೊಂಡು ಹೋಯಿತು, ಲೆಕ್ಕಕ್ಕಿಲ್ಲ. ನಿನ್ನ ಪತ್ರದಲ್ಲಿ: ಬೀದಿಯಲ್ಲಿ ಟಾಂಗಾದ ಸದ್ದಾಯಿತು, ಅವ್ವ ಕಣ್ಣು ತೆರೆದು "ಯಾರ ಬಂದ್ರು ನೋಡ" ಎಂದಳು. ಶನಿವಾರ ಹನ್ನೊಂದೂ ಹದಿನೈದು: ಕದ್ರಾದಿಂದ ಮೇಲಿನ ಮಡುವಿನಲ್ಲಿ ಮಹಶೀರ, ನಲವತ್ತೊಂದು ಇಂಚು, ಮೂವತ್ತೊಂದು ಪೌಂಡು, ಅದರ ಒಂದೊಂದು ಹುರುಪೆ ಬೆಳ್ಳಿಯ ರೂಪಾಯಿಯಷ್ಟು ಅಗಲ. ಅದನ್ನು ಎಳೆದು ತರಲು ಸಾಹೇಬರಿಗೆ ಐವತ್ತು ನಿಮಿಷ ಹಿಡಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನ ಪತ್ರದಲ್ಲಿ ಆ ಹೊತ್ತಿಗೆ: ಅವ್ವ ಎರಡು ಚಮಚೆ ಗಂಜಿ ತೆಗೆದುಕೊಂಡಳು, ಮಾತು ಸ್ವಚ್ಛವಿತ್ತು, ಗುಣವಾದೀತು ಅನ್ನಿಸಿತು.

ಶನಿವಾರ ಸಂಜೆ ಐದೂವರೆ, ನೀನು ದೀಪ ಹಚ್ಚಲು ಎದ್ದಾಗ ಅವ್ವ ಹೋದ ಹೊತ್ತು. ವಹಿಯಲ್ಲಿ ಅಲ್ಲಿ ಮೀನಿಲ್ಲ. ಮೆಮಸಾಹೇಬರ ಮಾತಿಗೆ ಬರೆದ ಒಂದು ಸಾಲಿದೆ: ನೀರುನಾಯಿ, ಐದು. ಅವು ಬಂಡೆಯ ಮೇಲಿಟ್ಟ ಬುಟ್ಟಿಯಿಂದ ಸಾಹೇಬರ ಮೀನನ್ನೇ ಕದ್ದು ನೀರಿಗೆ ಹಾರಿದವು. ಸಾಹೇಬರು ಟೊಪ್ಪಿಗೆ ಬೀಸುತ್ತ ಅವುಗಳ ಹಿಂದೆ ಓಡಿ, ಜಾರಿ, ಸೊಂಟದವರೆಗೆ ನೀರಿನಲ್ಲಿ ಕೂತರು. ಯಾಕೂಬಸಾಬ ನಕ್ಕ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ನಾಲ್ಕು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ರವಿವಾರ ಮುಂಜಾನೆಯ ಮಂಜಿನಲ್ಲಿ ಕಾಡುಕೋಣಗಳು ನೀರಿಗೆ ಇಳಿದವು, ಹದಿನಾಲ್ಕು. ದೊಡ್ಡದೊಂದು ನಮ್ಮ ಕಡೆ ನೋಡಿ ಬಹಳ ಹೊತ್ತು ನಿಂತಿತ್ತು. ಅದೇ ಮುಂಜಾನೆ ಹುಬ್ಬಳ್ಳಿಯಿಂದ ಬಂದ ನಿನ್ನ ಸೋದರಮಾವ, ಒಂದು ತಾರು ಮುಟ್ಟದ್ದು ಇನ್ನೊಂದೇನು ಮುಟ್ಟೀತು, ಅಡವಿಯಲ್ಲಿದ್ದವರನ್ನು ಎಷ್ಟೆಂದು ಕಾಯುವುದು ಎಂದು ಎಲ್ಲ ಮುಗಿಸಿದ. ಅವನದೇನೂ ತಪ್ಪಿಲ್ಲ.

ಸೋಮವಾರ ಇಳಿದೆವು, ಮಂಗಳವಾರ ಸಂಜೆ ಮನೆ ಮುಟ್ಟಿದೆ. ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಕಟ್ಟೆಯ ಮೇಲೆ ಲಕ್ಷ್ಮೀಬಾಯಿ ಕೂತಿದ್ದರು. ಒಳಗೆ ನಡುಮನೆಯ ಮೂಲೆಯಲ್ಲಿ ನೆಲದ ಮೇಲೆ ದೀಪ ಉರಿಯುತ್ತಿತ್ತು. ಆ ದೀಪ ನೋಡಿ ನನಗೆ ಮೊದಲು ಬಂದದ್ದು ಏನು ಗೊತ್ತೇ? ಸಿಟ್ಟು. ವೆಂಕಣ್ಣ ಮನೆಗೂ ತಿಳಿಸಿಬಿಟ್ಟನಲ್ಲ, ನನ್ನ ನಾಲ್ಕು ದಿನದ ಕಷ್ಟ ವ್ಯರ್ಥವಾಯಿತಲ್ಲ ಎಂದು. "ಯಾರ ಹೇಳಿದ್ರಿ ನಿಮಗ? ಗುರುವಾರದ ತನಕಾ ಹೇಳಬಾರದಾಗಿತ್ತು!" ಎಂದು ಕಟ್ಟೆಯ ಮೇಲೆ ನಿಂತು ಒದರಿದೆ. ಲಕ್ಷ್ಮೀಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ನೀನು ಹೊರಗೆ ಬಂದೆ. ನಿನ್ನ ಹಿಂದೆ ಅವಳೂ ಬರುತ್ತಾಳೆಂದು ನಾನು ಬಾಗಿಲನ್ನೇ ನೋಡುತ್ತ ನಿಂತೆ.

ಆಗ ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಹತ್ತನೆಯ ದಿನ ನಿನ್ನ ಮಾವನವರು ಮಾತಾಡಿಸಲು ಬಂದಾಗ ಹೇಳಿದ ಮಾತು ಇದು: "ರಾಯರ, ನಿಶ್ಚಯದ ಚಿಂತಿ ಮಾಡಬ್ಯಾಡ್ರಿ. ವರ್ಷಾ ಬಿಟ್ಟ ಮಾಡೂಣು. ಒಪ್ಪಿದ ಹುಡುಗಿ ಎಲ್ಲಿಗೆ ಹೋಗತಾಳ?" ಅದರಂತೆ ವರ್ಷಾಂತಿಕ ಮುಗಿಸಿ ಫಾಲ್ಗುಣದಲ್ಲಿ ನಿನ್ನನ್ನು ಧಾರೆಯೆರೆದೆ. ಒಂದು ಮಾತು ಮೊದಲೇ ಅವರನ್ನು ಕೇಳಿದ್ದರೆ ಆಗುತ್ತಿತ್ತು. ನಾನು ಕೇಳಲಿಲ್ಲ. ಎಲ್ಲರೂ ಗದಗಿನವರಂತೆಯೇ ಎಂದುಕೊಂಡಿದ್ದೆ.

ಈಗ ನಿನಗೆ ಗೊತ್ತಾಯಿತು. ಅಳಿಯಂದಿರಿಗೆ ಹೇಳು, ಮುಚ್ಚಿಡಬೇಡ. ನನಗೆ ಕ್ಷಮೆ ಮಾಡೆಂದು ಬರೆಯುವುದಿಲ್ಲ. ಬರೆದರೆ ನೀನು ಮಾಡಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ನಿನ್ನಿಂದಾಗಿ ಹೀಗಾಯಿತೆಂದು ಮಾತ್ರ ಒಂದು ಗಳಿಗೆಯೂ ತಿಳಿಯಬೇಡ. ಹುಡುಗಿಯರ ನಿಶ್ಚಯ ಎಲ್ಲರ ಮನೆಯಲ್ಲೂ ಆಗುತ್ತದೆ.

ಪುಣೆಯ ನೀರು ನಿನಗೆ ಒಗ್ಗಲಿ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ, ಯಜ್ಞೇಶ್ವರರಾಯರಿಗೆ ಆಶೀರ್ವಾದ. ನಿನ್ನ ಒಲೆ ಆರದಿರಲಿ, ಕೈ ಬಳೆ ತುಂಬಿರಲಿ. ಜ್ವರ ಬಂದರೆ ಒಂದೇ ದಿನದಲ್ಲಿ ಡಾಕ್ಟರರನ್ನು ಕರೆಸು, ಕಷಾಯ ಕುಡಿಯುತ್ತ ಕೂಡಬೇಡ.

ಇತಿ ನಿನ್ನ ಅಪ್ಪ,
ಬಾಳಕೃಷ್ಣ

ತಾ. ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದು ಹಾಕಿದರೆ ಕಾಗದ ಕೆಡುತ್ತದೆ, ಇಲ್ಲಿ ತಿದ್ದುತ್ತೇನೆ. ಗುರುವಾರ ಸಂಜೆ ನೀನು ತಾರು ಮಾಡಲು ಹೊರಟಾಗ ಅವ್ವ ನಕ್ಕು, "ದುಡ್ಡ ದಂಡವಾ, ಅವರು ಒಡ್ಯೂದಿಲ್ಲ ಬಿಡು" ಎಂದಳೆಂದೂ, ಜ್ವರದ ಬಡಬಡಿಕೆ ಎಂದು ನೀನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದೂ ಬರೆದಿದ್ದೀ. ಅದು ಬಡಬಡಿಕೆಯಲ್ಲ. ವೆಂಕಣ್ಣನಿಗೆ ಬರೆದದ್ದು ನಾನು, ಖರೆ. ತಾರು ಒಡೆಯಬಾರದೆಂದದ್ದು ಅವಳು. ಬುಧವಾರ ಬಾಗಿಲಲ್ಲಿ ಚಕ್ಕುಲಿಯ ಗಂಟು ಕೊಡುತ್ತ, ನಿನಗೆ ಕೇಳದಂತೆ ಹೇಳಿದಳು: "ತಾರ ಬಂದ್ರ ಒಡೀಬ್ಯಾಡ್ರಿ, ನನ್ನ ಆಣಿ ಅದ. ಕಿಸೆದಾಗ ಇಟ್ಕೊಂಡ ಬರ್ರಿ. ಸುಲಭಾನ ನಿಶ್ಚಯ ಆಗಲಿ, ಆಮ್ಯಾಲೆ ಇಬ್ಬರೂ ಕೂಡಿ ಒಡ್ಯೂಣು." ಸಾಹೇಬರ ಹೆಸರಿಗೆ ತಾರು ಮಾಡು ಎಂದು ಅವಳು ನಿನಗೆ ಒಂದು ಮಾತು ಹೇಳಿದ್ದರೆ ನಾನು ಬರುತ್ತಿದ್ದೆ. ಹೇಳಿದ್ದರೆ ನೀನು ಯಾಕೆ ಎಂದು ಕೇಳುತ್ತಿದ್ದೆ, ನಿನ್ನ ನಿಶ್ಚಯಕ್ಕಾಗಿ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದಳೋ ಏನೋ. ನಾನು ಬರುವುದಿಲ್ಲವೆಂದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಟಾಂಗಾದ ಸದ್ದಿಗೆ ಕಣ್ಣು ತೆರೆದಳು. ಅಳಿಯಂದಿರು ಕೇಳಿದ ಲಕೋಟೆಯನ್ನು ಕಳಿಸಲಾರೆ. ಅದನ್ನು ನಾನಿನ್ನೂ ಒಡೆದಿಲ್ಲ.